ಫ್ರಾನ್ಸಿನ ಹಳೇ ಗಾಜು, ನಮ್ಮೂರಿನ ಸೂರು

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಫ್ರಾನ್ಸಿನ ಆರ್ಟ್ ಡೆಕೋ ಕಾಲದ ತೂಗುದೀಪಗಳ ಬಗ್ಗೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಹೊಸಬರಿಗೆ ಒಂದು ಮಾತು. 'ಆರ್ಟ್ ಡೆಕೋ' ಅನ್ನುವ ಶೈಲಿಯ ಹೆಸರು 1925ರಲ್ಲಿ ಪ್ಯಾರಿಸಿನಲ್ಲಿ ನಡೆದ ಅಲಂಕಾರ ಕಲೆಗಳ ದೊಡ್ಡ ವಸ್ತುಪ್ರದರ್ಶನದಿಂದ ಹುಟ್ಟಿದ್ದು. ಆ ಕಾಲದ ತೂಗುದೀಪವೆಂದರೆ ಹರಳಿನ ಜಾಲರಿ ಇಳಿಬಿಟ್ಟ ಅರಮನೆ ಶಾಂಡ್ಲಿಯರ್ ಅಲ್ಲ. ನಡುವೆ ಬಾಯಿ ಮೇಲಾಗಿ ತೂಗುವ ಗಾಜಿನ ಬೋಗುಣಿ, ಸುತ್ತ ಮೂರೋ ನಾಲ್ಕೋ ಆರೋ ತೋಳು, ಪ್ರತಿ ತೋಳಿನ ತುದಿಗೆ ಟ್ಯೂಲಿಪ್ ಹೂವಿನಂಥ ಒಂದು ಗಾಜು. ಇವನ್ನು ಹಿಡಿದಿರುವ ಚೌಕಟ್ಟು ನಿಕ್ಕಲ್ ಲೇಪದ ಹಿತ್ತಾಳೆಯದು, ಇಲ್ಲವೇ ಕಾಸಿ ಬಡಿದ ಕಬ್ಬಿಣದ್ದು.

ಪ್ರಶ್ನೆ: ಬೆಂಗಳೂರಿನ ಹಳೇ ಪೀಠೋಪಕರಣದ ಅಂಗಡಿಯಲ್ಲಿ ನಾಲ್ಕು ತೋಳಿನ ದೀಪವೊಂದನ್ನು ನೋಡಿ ಬಂದೆ. ಬೋಗುಣಿಯ ಅಂಚಿನಲ್ಲಿ 'ಮುಲ್ಲೆರ್ ಫ್ರೇರ್, ಲ್ಯುನೆವಿಲ್' ಎಂದಿದೆ. 1 ಲಕ್ಷ 60 ಸಾವಿರ ಹೇಳುತ್ತಿದ್ದಾರೆ. ಅಸಲಿಯೋ ಅಲ್ಲವೋ ತಿಳಿಯುವುದು ಹೇಗೆ? — ತುಮಕೂರಿನ ಓದುಗರು

ಉತ್ತರ: ಹೆಸರು ಸರಿಯಾದದ್ದೇ. ಲ್ಯುನೆವಿಲ್ ಫ್ರಾನ್ಸಿನ ಲೊರೇನ್ ಪ್ರಾಂತ್ಯದ ಊರು, ಮುಲ್ಲೆರ್ ಸಹೋದರರ ಗಾಜಿನ ಕಾರ್ಖಾನೆ ಅಲ್ಲಿತ್ತು. ಅದೇ ಸೀಮೆಯ ನಾನ್ಸಿಯಲ್ಲಿ ದೋಮ್, ಪ್ಯಾರಿಸ್ ಪಕ್ಕದ ಎಪಿನೇಯಲ್ಲಿ ಶ್ನೈಡರ್, ಪ್ಯಾರಿಸಿನಲ್ಲಿ ಸಬಿನೋ, ಜೊತೆಗೆ ದೆಗ್ಯೂ. ಮಾರುಕಟ್ಟೆಯಲ್ಲಿ ಹೆಚ್ಚಾಗಿ ಕಿವಿಗೆ ಬೀಳುವ ಹೆಸರುಗಳು ಇವು. ಆದರೆ ಹೆಸರನ್ನು ಕೊನೆಗೆ ನೋಡಿ, ಗಾಜನ್ನು ಮೊದಲು ನೋಡಿ.

ದೀಪ ತೂಗುಹಾಕಿರುವಾಗ ಪರೀಕ್ಷೆ ಮಾಡಲು ಹೋಗಬೇಡಿ. ಕೆಳಗಿಳಿಸಿ, ಗಾಜುಗಳನ್ನೆಲ್ಲ ಬಿಚ್ಚಿ, ಮೇಜಿನ ಮೇಲೆ ಬಟ್ಟೆ ಹಾಸಿ ಸಾಲಾಗಿ ಇಡಲು ಹೇಳಿ. ಒಪ್ಪದ ಅಂಗಡಿಯಲ್ಲಿ ಈ ಬೆಲೆಯ ವ್ಯಾಪಾರ ಬೇಡ. ನಾಲ್ಕು ಟ್ಯೂಲಿಪ್‌ಗಳನ್ನೂ ಒಂದೊಂದಾಗಿ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಒಂದೇ ಅಚ್ಚಿನವಾದರೂ ಕೈಕೆಲಸದ ಗಾಜಿನ ತೂಕ ಗ್ರಾಂ ಲೆಕ್ಕದಲ್ಲಿ ಹಿಂದೆಮುಂದೆ ಆಗುತ್ತದೆ, ಅದು ಸಹಜ. ಮೂರು ಹತ್ತಿರ ಹತ್ತಿರ ಇದ್ದು ನಾಲ್ಕನೆಯದು ಕಾಲುಭಾಗ ಹಗುರವಿದ್ದರೆ ಅದು ಬೇರೆ ಕಡೆಯಿಂದ ಬಂದು ಸೇರಿಕೊಂಡದ್ದು. ಹೂವಿನ ಚಿತ್ತಾರವನ್ನೂ ಹೋಲಿಸಿ: ಎಸಳು ಎಷ್ಟು, ಅಂಚಿನಿಂದ ಎಷ್ಟು ದೂರ, ಗಾಜು ನೇರಳೆಗೆ ತಿರುಗುತ್ತದೋ ಹಳದಿಗೋ. ಬಣ್ಣವನ್ನು ಕಿಟಕಿಯ ಬೆಳಕಿನಲ್ಲೇ ನೋಡಿ. ಟ್ಯೂಬ್‌ಲೈಟ್ ಕೆಳಗೆ ಎಲ್ಲವೂ ಒಂದೇ ಬಿಳುಪು.

ಆಮೇಲೆ ಮೇಲ್ಮೈ. ಈ ದೀಪಗಳಲ್ಲಿ ಬಹುಪಾಲು ಲೋಹದ ಅಚ್ಚಿನಲ್ಲಿ ಒತ್ತಿ ತೆಗೆದ ಗಾಜು. ಅದನ್ನು ಆಸಿಡ್‌ನಿಂದ ಮಬ್ಬು ಮಾಡಿ, ಚಿತ್ತಾರದ ಉಬ್ಬನ್ನು ಮಾತ್ರ ಮತ್ತೆ ಉಜ್ಜಿ ಹೊಳಪು ಕೊಡುತ್ತಿದ್ದರು. ಹಾಗಾಗಿ ಹಳೇ ಗಾಜಿನ ಮಬ್ಬು ರೇಷ್ಮೆಯಂತೆ ನುಣುಪು. ಮರಳು ಚಿಮ್ಮಿಸಿ ಮಬ್ಬು ಮಾಡಿದ ಹೊಸ ಗಾಜನ್ನು ಉಗುರಿನಿಂದ ಕೆರೆದರೆ ಉಪ್ಪುಕಾಗದದ ತರತರಿ ಸಿಗುತ್ತದೆ. ಬೋಗುಣಿಯ ಅಂಚನ್ನು ಬೆರಳಿಂದ ಸುತ್ತ ಸವರಿ ಬನ್ನಿ. ಎಲ್ಲೋ ಎರಡು ಅಂಗುಲ ಮಾತ್ರ ತೀರಾ ಚಪ್ಪಟೆ, ತೀರಾ ಹೊಸ ಹೊಳಪು ಅನ್ನಿಸಿದರೆ ಅಲ್ಲಿ ಚಕ್ಕೆ ಎದ್ದದ್ದನ್ನು ಸಾಣೆ ಹಿಡಿದು ಮುಚ್ಚಿದ್ದಾರೆ. ಅದರಿಂದ ದೀಪ ಕೆಡುವುದಿಲ್ಲ, ಬೆಲೆ ಇಳಿಯಬೇಕು ಅಷ್ಟೆ. ಬಿರುಕಿನ ವಿಷಯ ಹಾಗಲ್ಲ. ಗಾಜನ್ನು ಮೇಜಿನಿಂದ ಎತ್ತಿ, ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ಗಂಟೆಯಂತೆ ಎಳೆದು ನುಡಿದರೆ ಸರಿ, 'ಟಪ್' ಎಂದು ಸತ್ತ ಸದ್ದು ಬಂದರೆ ಎಲ್ಲೋ ಕೂದಲೆಳೆ ಬಿರುಕಿದೆ. ಮೊಬೈಲ್ ಟಾರ್ಚನ್ನು ಒಳಗಿನಿಂದ ಓರೆಯಾಗಿ ಹಿಡಿದರೆ ಕಾಣುತ್ತದೆ. ಅದು ಹೆಚ್ಚಾಗಿ ಸ್ಕ್ರೂ ಹಿಡಿಯುವ ಕುತ್ತಿಗೆಯಲ್ಲೋ ಬೋಗುಣಿಯ ತೂತಿನ ಸುತ್ತಲೋ ಇರುತ್ತದೆ. ಬೋಗುಣಿಯ ತೂತಿನಲ್ಲಿ ಬಿರುಕಿದ್ದರೆ ಕೊಳ್ಳಲೇಬೇಡಿ. ಇಡೀ ಗಾಜಿನ ಭಾರ ಅಲ್ಲೇ ಕೂತಿರುತ್ತದೆ.

ಈಗ ಸಹಿ. ಅಚ್ಚಿನಲ್ಲೇ ಮೂಡಿದ ಉಬ್ಬಕ್ಷರವಾದರೆ ನಂಬಿಕೆ ಹೆಚ್ಚು. ಸೂಜಿಯಿಂದ ಕೊರೆದದ್ದಾದರೆ ಭೂತಗನ್ನಡಿ ಹಿಡಿದು ನೋಡಿ: ಅಕ್ಷರದ ಗೆರೆ ಬೆಳ್ಳಗೆ ಹಸಿಯಾಗಿದ್ದು ಸುತ್ತಲ ಮಬ್ಬು ಮಾತ್ರ ಮಾಸಿದ್ದರೆ ಆ ಸಹಿ ಮೊನ್ನೆಮೊನ್ನೆಯದು. ಫ್ರಾನ್ಸಿನದೇ ಇನ್ನೊಬ್ಬ ಗಾಜುಗಾರ ಲಲೀಕ್ ಹೆಸರಿಗೆ ಬೇರೊಂದು ಲೆಕ್ಕವಿದೆ. ರೆನೆ ಲಲೀಕ್ ತೀರಿಕೊಂಡದ್ದು 1945ರಲ್ಲಿ, 'ಆರ್. ಲಲೀಕ್' ಎಂದು ಮೊದಲಕ್ಷರ ಸಮೇತ ಸಹಿ ಇರುವುದು ಅದಕ್ಕೂ ಹಿಂದಿನ ಮಾಲು. ಯುದ್ಧಕ್ಕೆ ಮುಂಚಿನದು ಎಂದು ಹೇಳಿ ಬರೀ 'ಲಲೀಕ್ ಫ್ರಾನ್ಸ್' ಸಹಿಯದನ್ನು ತೋರಿಸಿದರೆ ಎದ್ದು ಬನ್ನಿ.

ಚೌಕಟ್ಟಿಗೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಮ್ಯಾಗ್ನೆಟ್ ಸಾಕು. ಕಬ್ಬಿಣಕ್ಕೆ ಹಿಡಿಯಬೇಕು, ಹಿತ್ತಾಳೆಗೆ ಹಿಡಿಯಬಾರದು. 'ಬಡಿದ ಕಬ್ಬಿಣ' ಎಂದದ್ದಕ್ಕೆ ಹಿಡಿಯದಿದ್ದರೆ ಅದು ಕಬ್ಬಿಣವಲ್ಲ, ಎರಕದ ಅಲ್ಯುಮಿನಿಯಂನಂಥ ಬೇರೆ ಲೋಹ. ನಿಕ್ಕಲ್‌ನ ಹೊಳಪು ತುಸು ಹಳದಿ, ಬೆಚ್ಚಗಿನ ಬಿಳುಪು. ಕ್ರೋಮ್‌ನದು ತಣ್ಣನೆಯ ನೀಲಿ. ಪ್ಲಸ್ ತಲೆಯ ಸ್ಕ್ರೂ ಕಂಡರೆ ಬದಲಾಯಿಸಿದ್ದು ಎಂದಷ್ಟೇ ತಿಳಿಯಿರಿ, ಅದೊಂದರಿಂದಲೇ ನಕಲಿ ಅನ್ನಬೇಡಿ. ನಾಲ್ಕು ಟ್ಯೂಲಿಪ್‌ನಲ್ಲೂ ಬೋಗುಣಿಯಲ್ಲೂ ಒಂದೇ ಸಹಿ, ಒಂದೇ ಚಿತ್ತಾರ ಇದ್ದರೆ ಚೌಕಾಸಿಗೆ ಕೂರಬಹುದು. ಒಂದು ಬೇರೆಯಾದರೂ ಅದು ಪೂರ್ತಿ ಸೆಟ್ಟಲ್ಲ, ಪೂರ್ತಿ ಸೆಟ್ಟಿನ ಬೆಲೆಯೂ ಅದಕ್ಕಿಲ್ಲ.

ಪ್ರಶ್ನೆ: ಇದು ಕೆಜಿಎಫ್‌ನ ಬ್ರಿಟಿಷ್ ಸಾಹೇಬರ ಬಂಗಲೆಯಿಂದ ಬಂದದ್ದು ಎಂದು ಹೇಳಿ ಹೆಚ್ಚು ಹಣ ಕೇಳುತ್ತಿದ್ದಾರೆ. ಕೊಡಬಹುದೇ? — ಕೋಲಾರದ ಓದುಗರು

ಉತ್ತರ: ಮಾತು ಅಸಾಧ್ಯವೇನಲ್ಲ. ಶಿವನಸಮುದ್ರದ ಕರೆಂಟು ಕೆಜಿಎಫ್‌ಗೆ ಬಂದದ್ದು 1902ರಲ್ಲಿ, ಜಾನ್ ಟೇಲರ್ ಕಂಪನಿಯ ಬಂಗಲೆಗಳಲ್ಲಿ ವಿಲಾಯತಿ ಸಾಮಾನಿಗೇನೂ ಬರವಿರಲಿಲ್ಲ. ಆದರೆ ಗಣಿ ಮುಚ್ಚಿದ್ದು 2001ರಲ್ಲಿ. ಅಲ್ಲಿಂದ ಈಚೆಗೆ 'ಕೆಜಿಎಫ್ ಬಂಗಲೆಯದು' ಎಂದು ಮಾರಾಟವಾದ ಕುರ್ಚಿ ಮೇಜುಗಳನ್ನೆಲ್ಲ ಒಟ್ಟು ಹಾಕಿದರೆ ಅಷ್ಟು ಬಂಗಲೆಗಳು ಆ ಊರಿನಲ್ಲಿ ಸಾಲುವುದಿಲ್ಲ. ಹರಾಜಿನ ರಸೀದಿ, ಸಾಮಾನು ಪಟ್ಟಿ, ದೀಪ ಅದೇ ಸೂರಿನಲ್ಲಿ ತೂಗುತ್ತಿರುವ ಹಳೇ ಫೋಟೋ, ಈ ಮೂರರಲ್ಲಿ ಒಂದಾದರೂ ಇದ್ದರೆ ಹೆಚ್ಚು ಕೊಡುವುದಕ್ಕೆ ಅರ್ಥವಿದೆ. ಬರೀ ಬಾಯಿಮಾತಿಗೆ ಒಂದು ರೂಪಾಯಿಯೂ ಬೇಡ.

ಪ್ರಶ್ನೆ: ನಮ್ಮದು ಚಪ್ಪಡಿ ಕಲ್ಲಿನ ಹಳೇ ಮನೆ. 9 ಕೆಜಿ ತೂಕದ ದೀಪ ತಂದಿದ್ದೇವೆ. ಎಲೆಕ್ಟ್ರಿಷಿಯನ್ ಕಲ್ಲಿಗೇ ಡ್ರಿಲ್ ಹೊಡೆದು ಹುಕ್ ಹಾಕುತ್ತೇನೆ ಅನ್ನುತ್ತಾರೆ. ನಮ್ಮ ಯಜಮಾನರಿಗೆ ಧೈರ್ಯ ಸಾಲುತ್ತಿಲ್ಲ. — ಚಿಂತಾಮಣಿಯ ಓದುಗರು

ಉತ್ತರ: ನಿಮ್ಮ ಯಜಮಾನರು ಹಿಂಜರಿದದ್ದು ಸರಿಯಾಗಿದೆ. ಚಪ್ಪಡಿ ಎರಡು ಗೋಡೆಯ ಮೇಲೆ ಮಲಗಿರುವ ಒಂದೇ ಕಲ್ಲು, ಅದರೊಳಗೆ ಕಂಬಿ ಇಲ್ಲ. ಆರ್‌ಸಿಸಿ ಬಿರಿದರೂ ಒಳಗಿನ ಕಂಬಿ ಹಿಡಿದುಕೊಳ್ಳುತ್ತದೆ, ಕಲ್ಲಿಗೆ ಆ ಆಸರೆ ಇಲ್ಲ. ಹ್ಯಾಮರ್ ಡ್ರಿಲ್‌ನ ಗುದ್ದು ನಡುಭಾಗದಲ್ಲಿ, ಅಂದರೆ ಕಲ್ಲಿನ ಕೆಳಮೈ ಅತಿ ಹೆಚ್ಚು ಎಳೆತ ತಿನ್ನುವ ಜಾಗದಲ್ಲೇ ಬೀಳುತ್ತದೆ. ಆಮೇಲೆ ಹುಕ್ ಹಿಡಿಯುವ ಫಾಸ್ಟನರ್ ಒಳಗೆ ಅರಳಿ ಕಲ್ಲನ್ನು ಎರಡು ಕಡೆಗೂ ತಳ್ಳುತ್ತದೆ. ಅಂದೇ ಏನೂ ಆಗದಿರಬಹುದು. ಆದರೂ ಮೇಲಿನ ಗಾರೆ ಬಿರುಕು ಬಿಟ್ಟು, ಮಳೆಗಾಲದಲ್ಲಿ ನೀರು ಅದೇ ತೂತಿನಿಂದ ದೀಪದ ಹೋಲ್ಡರಿಗೆ ಇಳಿಯುತ್ತದೆ.

ಕಲ್ಲನ್ನು ಮುಟ್ಟದೆ ಗೋಡೆಯಿಂದ ಗೋಡೆಗೆ ಪೈಪ್ ಹಾಕಿಸಿ. 40×40 ಮಿ.ಮೀ. ಚೌಕ ಎಂಎಸ್ (ಮೆದು ಉಕ್ಕಿನ) ಪೈಪು, 2.5 ಮಿ.ಮೀ. ದಪ್ಪದ್ದು, 8–10 ಅಡಿ ಅಗಲದ ಕೋಣೆಗೆ ಸಾಕು. ಎರಡೂ ತುದಿ ಗೋಡೆಯೊಳಗೆ 4 ಅಂಗುಲ ಕೂರಲಿ. ಗೂಡು ತೆಗೆದು, ಪೈಪು ಇಟ್ಟು, ಕಾಂಕ್ರೀಟಿನಿಂದ ಬಿಗಿಯಾಗಿ ತುಂಬಿ 7 ದಿನ ನೀರು ಕುಡಿಸಿ. ಮಣ್ಣಿನ ಗೋಡೆಯಾದರೆ ತುದಿಯ ಅಡಿಗೆ ಒಂದು ಚಪ್ಪಟೆ ಕಲ್ಲನ್ನು ಕೊಡಿ, ಇಲ್ಲದಿದ್ದರೆ ಮಣ್ಣು ಕುಸಿಯುತ್ತದೆ. ಪೈಪಿಗೂ ಚಪ್ಪಡಿಗೂ ನಡುವೆ ಒಂದು ಬೆರಳು ಸಂದಿ ಇರಲಿ. ಗೂಡಿಗೆ ಕೂರಿಸುವ ಮುನ್ನ ಪೈಪಿಗೆ ರೆಡ್ ಆಕ್ಸೈಡ್ ಹೊಡೆದು, ಆಮೇಲೆ ಸೂರಿನ ಬಣ್ಣವನ್ನೇ ಬಳಿದರೆ ಪೈಪು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ.

ಪೈಪಿಗೆ ತೂತು ಮಾಡುವುದೂ ಬೇಡ. ಪೈಪನ್ನು ಬಳಸಿ ಬರುವ 8 ಮಿ.ಮೀ. ಚೌಕ ಯು-ಬೋಲ್ಟ್ ಹಾಕಿ, ಕೆಳಗೆ ಪಟ್ಟಿ ಕೊಟ್ಟು ಎರಡೆರಡು ನಟ್ ಬಿಗಿದು, ಆ ಪಟ್ಟಿಗೆ ಬಾಯಿ ಮುಚ್ಚಿದ ಕೊಂಡಿ ಕೂರಿಸಿ. ಬಾಯಿ ತೆರೆದ ಎಸ್ ಹುಕ್ ಬೇಡವೇ ಬೇಡ, ಧೂಳು ಒರೆಸುವಾಗ ದೀಪ ಮೇಲೆ ಎದ್ದರೆ ಕಳಚಿಕೊಳ್ಳುತ್ತದೆ. ದೀಪ ಏರಿಸುವ ಮುಂಚೆ ನಾಲ್ಕು ಪಟ್ಟು ತೂಕ, ನಿಮ್ಮ ಲೆಕ್ಕಕ್ಕೆ 36 ಕೆಜಿ ಮರಳನ್ನು ಚೀಲದಲ್ಲಿ ತೂಗಿ ಕಟ್ಟಿ, ಒಂದು ದಿನ ಬಿಡಿ. ಕೆಳಗೆ ಯಾರೂ ಓಡಾಡದಿರಲಿ. ಪೈಪು ಕೆಲವು ಮಿ.ಮೀ. ಬಾಗಿ, ಚೀಲ ತೆಗೆದಾಗ ಮೊದಲಿನಂತಾದರೆ ಗೆದ್ದಿರಿ. ಬಾಗಿದ್ದು ಹಾಗೇ ಉಳಿದರೆ ಪೈಪು ತೆಳುವಾಯಿತು.

ಮರದ ತೊಲೆಯ ಮದ್ರಾಸ್ ತಾರಸಿಯವರಿಗೂ ಇದೇ ನ್ಯಾಯ: ತೊಲೆಗೆ ಸ್ಕ್ರೂ ಕೊರೆಯದೆ ಸುತ್ತಿ ಹಿಡಿಯುವ ಕ್ಲಾಂಪ್ ಹಾಕಿಸಿ, ತೊಲೆಗೆ ಗೆದ್ದಲು ತಿಂದಿಲ್ಲವೆಂದು ಮೊದಲು ಉಳಿಯಿಂದ ಚುಚ್ಚಿ ನೋಡಿ. ಆರ್‌ಸಿಸಿ ಮನೆಯವರಿಗೆ ಕೆಲಸ ಸುಲಭ. 10 ಮಿ.ಮೀ. ಬೋಲ್ಟಿನ ಎರಡು ಆಂಕರ್ ಫಾಸ್ಟನರ್, ಎರಡಕ್ಕೂ ಸೇರಿ ಒಂದು ಪ್ಲೇಟ್. ಫಾಲ್ಸ್ ಸೀಲಿಂಗಿನ ಜಿಪ್ಸಂ ಹಲಗೆಗೆ ಮಾತ್ರ ಯಾವ ಭಾರವನ್ನೂ ಹೊರಿಸಬೇಡಿ.

ಎತ್ತರದ ಲೆಕ್ಕ ಮರೆಯುವವರು ಬಹಳ. ಫ್ರಾನ್ಸಿನ ಹಳೇ ಮನೆಗಳ ಸೂರು ಎತ್ತರ, ದೀಪದ ಕಂಬಿಯೂ ಉದ್ದ. ನಮ್ಮ 10 ಅಡಿ ಸೂರಿನಲ್ಲಿ ಜನ ಓಡಾಡುವ ಕಡೆ ಬೋಗುಣಿಯ ತಳ ನೆಲದಿಂದ 7 ಅಡಿ ಬಿಡಬೇಕು. ಊಟದ ಮೇಜಿನ ಮೇಲಾದರೆ ಹಲಗೆಯಿಂದ 30–36 ಅಂಗುಲ. ಉದ್ದ ಹೆಚ್ಚಾಯಿತೆಂದು ಮೂಲ ಕಂಬಿಯನ್ನು ಕತ್ತರಿಸಬೇಡಿ. ಲೇತ್‌ನವರ ಬಳಿ ಅದೇ ತಿರುಪಿನ ಮರೆಯ ಗಿಡ್ಡ ಕಂಬಿ ಮಾಡಿಸಿ, ಮೂಲದ್ದನ್ನು ಎತ್ತಿಡಿ. ಮಾರುವ ದಿನ ಬಂದರೆ ಕೊಳ್ಳುವವರು ಕೇಳುವುದು ಅದನ್ನೇ.

ಪ್ರಶ್ನೆ: ದೀಪ ಉರಿಯುತ್ತಿದೆ, ಆದರೆ ಚೌಕಟ್ಟು ಮುಟ್ಟಿದರೆ ಜುಮ್ ಅನ್ನುತ್ತದೆ. ವೈರ್ ಬದಲಾಯಿಸಬೇಕೇ? ಬಟ್ಟೆ ಸುತ್ತಿದ ಹಳೇ ವೈರೇ ಅಂದ ಎಂದು ಮಗ ಬಿಡುತ್ತಿಲ್ಲ. — ಶಿರಾ ತಾಲ್ಲೂಕಿನ ಓದುಗರು

ಉತ್ತರ: ಈಗಲೇ ಎಂಸಿಬಿ ಇಳಿಸಿ, ಆಮೇಲೆ ಮುಂದಕ್ಕೆ ಓದಿ. ಬಟ್ಟೆಯ ಒಳಗಿರುವುದು ರಬ್ಬರ್. ತೊಂಬತ್ತು ವರ್ಷದಲ್ಲಿ, ಅದೂ 40 ವ್ಯಾಟಿನ ಬಲ್ಬಿನ ಕಾವಿನಲ್ಲಿ, ಅದು ಒಣಗಿದ ರೊಟ್ಟಿಯಂತಾಗಿರುತ್ತದೆ. ಬಾಗಿಸಿದರೆ ಪುಡಿ ಉದುರಿ ತಾಮ್ರ ನೇರವಾಗಿ ಹಿತ್ತಾಳೆ ಕೊಳವೆಗೆ ತಾಗುತ್ತದೆ. ಆ ಕಾಲದ ಈ ದೀಪಗಳಿಗೆ ಅರ್ಥ್ ವೈರೇ ಇಲ್ಲ. ಜುಮ್ ಎಂದದ್ದು ಇವೆರಡೂ ಸೇರಿ.

ಬೇಕಾಗುವ ಸಾಮಾನು: 0.75 ಚದರ ಮಿ.ಮೀ. ಎಳೆಯ ತಾಮ್ರದ ವೈರ್ ಕೆಂಪು, ಕಪ್ಪು, ಹಸಿರು, ಮೂರು ತೋಳಿನ ದೀಪಕ್ಕೆ ಒಂದೊಂದು ಬಣ್ಣ 5 ಮೀಟರ್, ಪಿಂಗಾಣಿ ಕನೆಕ್ಟರ್, ರಿಂಗ್ ಲಗ್ (ವೈರಿನ ತುದಿಗೆ ಹಾಕುವ ಉಂಗುರ), ಸ್ಲೀವ್ (ವೈರ್ ಉಜ್ಜದಂತೆ ತೊಡಿಸುವ ಮೆತ್ತನೆ ಕೊಳವೆ), ಪ್ಯಾರಾಚೂಟ್ ದಾರ, ಸ್ವಲ್ಪ ಟಾಲ್ಕಂ ಪೌಡರ್. ಬಟ್ಟೆ ಹೊದಿಕೆಯ ಹೊಸ ವೈರೂ ಸಿಗುತ್ತದೆ. ಅದನ್ನು ಕಣ್ಣಿಗೆ ಕಾಣುವ ಭಾಗಕ್ಕೆ ಹಾಕಿ, ಮಗನ ಮಾತೂ ಉಳಿಯಲಿ.

ಮೊದಲು ಎಲ್ಲ ಕೋನದಿಂದ ಫೋಟೋ. ಗಾಜು ಬಿಚ್ಚುವಾಗ ಮೂರು ಸ್ಕ್ರೂಗಳನ್ನೂ ಒಂದೊಂದು ಸುತ್ತಂತೆ ಸರದಿಯಲ್ಲಿ ಸಡಿಲಿಸಿ. ಒಂದನ್ನೇ ಪೂರ್ತಿ ಬಿಚ್ಚಿದರೆ ಗಾಜು ಓರೆಯಾಗಿ ಉಳಿದೆರಡರ ಮೇಲೆ ಭಾರ ಬಿದ್ದು ಕುತ್ತಿಗೆ ಚಿಟ್ ಅನ್ನುತ್ತದೆ. ಹಳೇ ವೈರಿನ ತುದಿಗೆ ದಾರ ಕಟ್ಟಿ, ಇನ್ನೊಂದು ಕಡೆಯಿಂದ ಎಳೆದು, ದಾರ ಕೊಳವೆಯಲ್ಲಿ ಉಳಿಯುವಂತೆ ಮಾಡಿ. ಅದೇ ದಾರಕ್ಕೆ ಹೊಸ ವೈರ್ ಕಟ್ಟಿ, ಪೌಡರ್ ಹಚ್ಚಿ ಮೆಲ್ಲಗೆ ಎಳೆಯಿರಿ. ತೋಳು ಬಾಗಿದ ಕಡೆ ಹಿಡಿದುಕೊಂಡರೆ ಜಗ್ಗಬೇಡಿ, ಹಿಂದಕ್ಕೆ ತಳ್ಳಿ ತಿರುಚಿ ಎಳೆಯಿರಿ. ಕೊಳವೆಯ ಬಾಯಿಯನ್ನು ಮುಂಚೆಯೇ ದುಂಡು ಅರದಿಂದ ಉಜ್ಜಿ ಸ್ಲೀವ್ ತೊಡಿಸಿರಬೇಕು. ಹೊಸ ವೈರಿನ ಚರ್ಮ ಕೀಳುವುದು ಅಲ್ಲೇ, ಕೆಲಸ ಮುಗಿದ ವಾರಕ್ಕೆ ಮತ್ತೆ ಜುಮ್ ಎಂಬ ದೂರು ಬರುವುದೂ ಅಲ್ಲಿಂದಲೇ.

ಒಂದು ಅನುಕೂಲವಿದೆ. ಫ್ರಾನ್ಸಿನ ಹಳೇ ಹೋಲ್ಡರುಗಳು ಬಹುಪಾಲು ನಮ್ಮದೇ ಬಿ22, ಅಂದರೆ ಒತ್ತಿ ತಿರುಗಿಸುವ ಪಿನ್ ಬಗೆಯವು. ಹಿತ್ತಾಳೆ ಚಿಪ್ಪನ್ನು ಉಳಿಸಿಕೊಂಡು ಒಳಗಿನ ಪಿಂಗಾಣಿ ಮಾತ್ರ ನೋಡಿ: ಬಿರಿದಿದ್ದರೆ, ಸ್ಪ್ರಿಂಗ್ ಕಪ್ಪಾಗಿ ಒತ್ತಡ ಸತ್ತಿದ್ದರೆ ಬದಲಿಸಿ. ಅರ್ಥ್ ವೈರನ್ನು ಚೌಕಟ್ಟಿಗೆ ರಿಂಗ್ ಲಗ್‌ನಿಂದ ಬಿಗಿಯಬೇಕು, ಲಗ್ ಕೂರುವ ಜಾಗದ ಬಣ್ಣವನ್ನು ಕೆರೆದಿರಬೇಕು. ಬೋಗುಣಿಗೆ ಒಂದು ಸ್ವಿಚ್ಚು, ಟ್ಯೂಲಿಪ್‌ಗಳಿಗೆ ಇನ್ನೊಂದು ಕೊಡಿಸಿದರೆ ಎರಡು ಬಗೆಯ ಬೆಳಕು ಸಿಗುತ್ತದೆ. ಕೊನೆಗೆ ಬಲ್ಬ್ ತೆಗೆದು 500 ವೋಲ್ಟಿನ ಮೆಗ್ಗರ್ (ಕರೆಂಟು ಸೋರುತ್ತದೋ ಎಂದು ಅಳೆಯುವ ಉಪಕರಣ) ಹಿಡಿಸಿ. ವೈರಿಗೂ ಚೌಕಟ್ಟಿಗೂ ನಡುವೆ 1 ಮೆಗಾಓಂಗಿಂತ ಕಡಿಮೆ ತೋರಿಸಿದರೆ ಏರಿಸಬೇಡಿ. ಈ ಸಾಲಿಗೆ 6 ಆಂಪ್ ಎಂಸಿಬಿ, ಮನೆಗೆ ಕರೆಂಟು ಸೋರಿದೊಡನೆ ಲೈನ್ ಕಡಿಯುವ 30 ಮಿಲಿಆಂಪ್ ಆರ್‌ಸಿಸಿಬಿ ಇರಲಿ. 'ಬಲ್ಬ್ ಉರೀತಿದೆಯಲ್ಲ ಸರ್' ಎಂಬುದು ಪರೀಕ್ಷೆಯಲ್ಲ. ಜುಮ್ ಅನ್ನುವ ದೀಪವೂ ಉರಿಯುತ್ತದೆ.

ಪ್ರಶ್ನೆ: ಟ್ಯೂಲಿಪ್‌ಗಳನ್ನು ತೊಳೆದ ಮೇಲೆ ಬಿಳಿ ಬಿಳಿ ಮಚ್ಚೆ ಎದ್ದಿವೆ. ಉಜ್ಜಿದರೂ ಹೋಗುತ್ತಿಲ್ಲ. ಗಾಜು ಕೆಟ್ಟಿತೇ? — ಗೌರಿಬಿದನೂರಿನ ಓದುಗರು

ಉತ್ತರ: ಗಾಜು ಕೆಟ್ಟಿಲ್ಲ, ನಿಮ್ಮ ಬೋರ್‌ವೆಲ್ ನೀರಿನ ಗಡಸು ಕೂತಿದೆ. ನಮ್ಮ ಕಡೆಯ ನೀರು ಎಂದೊಡನೆ ಎಲ್ಲರಿಗೂ ಫ್ಲೋರೈಡ್ ನೆನಪಾಗುತ್ತದೆ. ಈ ಮಚ್ಚೆಗೆ ಅದು ಕಾರಣವಲ್ಲ, ಕ್ಯಾಲ್ಸಿಯಂ ಮೆಗ್ನೀಸಿಯಂ ಕಾರಣ. ನುಣುಪು ಗಾಜಿನ ಮೇಲಾದರೆ ಒರೆಸಿದರೆ ಹೋಗುತ್ತದೆ, ಮಬ್ಬು ಗಾಜಿನ ಸಣ್ಣ ಗುಳಿಗಳಲ್ಲಿ ಸಿಕ್ಕಿಕೊಂಡರೆ ಉಜ್ಜುವಿಕೆಗೆ ಜಗ್ಗುವುದಿಲ್ಲ.

ಒಂದು ಪಾಲು ಬಿಳಿ ವಿನೆಗರ್‌ಗೆ ನಾಲ್ಕು ಪಾಲು ಆರ್‌ಒ ನೀರು ಬೆರೆಸಿ, ಹತ್ತಿಯಲ್ಲಿ ಅದ್ದಿ, ಮಚ್ಚೆಯ ಮೇಲೆ 5 ನಿಮಿಷ ಕೂರಿಸಿ. ಮೆತ್ತನೆ ಬ್ರಷ್ಷಿನಿಂದ ಸುತ್ತಿಸಿ, ಆರ್‌ಒ ನೀರಿನಲ್ಲೇ ಎರಡು ಸಲ ಜಾಲಿಸಿ. ಜಾಲಿಸುವ ನೀರು ಮತ್ತೆ ಬೋರಿನದಾದರೆ ಮತ್ತೆ ಅದೇ ಕಥೆ. ಗಾಜಿನ ಮೇಲೆ ಬಣ್ಣ ಬರೆದಿದ್ದರೆ ಒಂದು ಮೂಲೆಯಲ್ಲಿ ಒದ್ದೆ ಹತ್ತಿ ಒತ್ತಿ ನೋಡಿ. ಹತ್ತಿಗೆ ಬಣ್ಣ ಬಂದರೆ ನೀರನ್ನೇ ಮುಟ್ಟಿಸಬೇಡಿ, ಒಣ ಬ್ರಷ್ ಅಷ್ಟೆ. ಬಾತ್‌ರೂಮ್ ತೊಳೆಯುವ ಆಸಿಡ್ ಬೇಡ.

ತೊಳೆಯುವ ಜಾಗ ಸ್ಟೀಲ್ ಸಿಂಕ್ ಆಗಬಾರದು, ಪ್ಲಾಸ್ಟಿಕ್ ಟಬ್ಬಿನ ತಳಕ್ಕೆ ಟವೆಲ್ ಹಾಸಿಕೊಳ್ಳಿ. ಒಂದು ಸಲಕ್ಕೆ ಒಂದೇ ಗಾಜು. ಬಲ್ಬ್ ಉರಿಯುತ್ತಿದ್ದ ಬಿಸಿ ಗಾಜಿಗೆ ತಣ್ಣೀರು ತಾಗಿದರೆ ಸೀಳುತ್ತದೆ, ಅರ್ಧ ಗಂಟೆ ಬಿಡಿ.

ಪ್ರಶ್ನೆ: ಚೌಕಟ್ಟಿನ ನಿಕ್ಕಲ್ ಅಲ್ಲಲ್ಲಿ ಹೋಗಿ ಹಿತ್ತಾಳೆ ಕಾಣುತ್ತಿದೆ. ಕ್ರೋಮ್ ಹಾಕಿಸಿಬಿಡಲೇ? — ಬಂಗಾರಪೇಟೆಯ ಓದುಗರು

ಉತ್ತರ: ಬೇಡ. ಹೊಸ ಲೇಪಕ್ಕೆ ಮುಂಚೆ ಬಫ್ ಹಿಡಿಯುತ್ತಾರೆ, ಚೂಪು ಅಂಚುಗಳೆಲ್ಲ ಸೋಪಿನಂತೆ ಸವೆಯುತ್ತವೆ. ಹುಣಸೆಹಣ್ಣು, ಹಿತ್ತಾಳೆ ಪುಡಿ ಎರಡೂ ಇದಕ್ಕಲ್ಲ. ಉಳಿದ ನಿಕ್ಕಲ್ಲನ್ನೂ ಎತ್ತಿಬಿಡುತ್ತವೆ. ಒದ್ದೆ ಬಟ್ಟೆ, ಒಣ ಬಟ್ಟೆ, ಮುಗಿಯಿತು. ಕಬ್ಬಿಣದ ಚೌಕಟ್ಟಾಗಿದ್ದರೆ ಅತಿ ಸಣ್ಣ ಉಕ್ಕಿನ ಉಣ್ಣೆಯಿಂದ ತುಕ್ಕನ್ನು ಮೆಲ್ಲಗೆ ಎತ್ತಿ ಜೇನುಮೇಣ ಹಚ್ಚಿ. ಬೆಳ್ಳಿ ಬಣ್ಣ ಬಳಿದ ಕಬ್ಬಿಣಕ್ಕೆ ಅರ್ಧ ಬೆಲೆ.

ಪ್ರಶ್ನೆ: ಫ್ರಾನ್ಸಿನಿಂದ ನೇರವಾಗಿ ತರಿಸಿದರೆ ಅಗ್ಗವಂತೆ. ಫೋಟೋ ನೋಡಿ ಕೊಳ್ಳಬಹುದೇ? — ಮಧುಗಿರಿಯ ಓದುಗರು

ಉತ್ತರ: ದೀಪ ಅಗ್ಗ ಇರಬಹುದು, ಮಧುಗಿರಿಗೆ ಬಂದ ದೀಪ ಅಗ್ಗ ಇರಲಾರದು. ವಿಮಾನ ಕೊರಿಯರಿನವರು ನಿಜ ತೂಕ, ಪೆಟ್ಟಿಗೆಯ ಗಾತ್ರದಿಂದ ಬರುವ ತೂಕ, ಎರಡರಲ್ಲಿ ಹೆಚ್ಚಿನದಕ್ಕೆ ಬಿಲ್ಲು ಹಾಕುತ್ತಾರೆ. ಗಾತ್ರದ ತೂಕಕ್ಕೆ ಸಾಮಾನ್ಯವಾಗಿ ಉದ್ದ, ಅಗಲ, ಎತ್ತರಗಳನ್ನು ಸೆಂ.ಮೀ.ನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. 60×60×40 ಪೆಟ್ಟಿಗೆಗೆ 28.8 ಕೆಜಿ. ನಿಮ್ಮ ದೀಪ 8 ಕೆಜಿ ಇದ್ದರೂ ಬಿಲ್ಲು 29 ಕೆಜಿಗೆ. ಗಾಜನ್ನೂ ಚೌಕಟ್ಟನ್ನೂ ಬೇರೆ ಬೇರೆ ಪೆಟ್ಟಿಗೆಯಲ್ಲಿ ಕಳಿಸಲು ಹೇಳಿ. ಒಂದೇ ಪೆಟ್ಟಿಗೆಯಾದರೆ ಕಬ್ಬಿಣವೇ ಗಾಜನ್ನು ಒಡೆಯುತ್ತದೆ.

ಕಸ್ಟಮ್ಸ್‌ನಲ್ಲಿ 'ಆಂಟಿಕ್' ಅಂದರೆ 100 ವರ್ಷ ದಾಟಿದ್ದು, ಸುಂಕದ ಪಟ್ಟಿಯಲ್ಲಿ ಅದಕ್ಕೆ 9706 ಎಂಬ ತಲೆಬರಹ. 1930ರ ದೀಪ ಅದರಲ್ಲಿ ಸೇರದೆ 9405ರ ದೀಪಸಾಮಗ್ರಿಯಾಗುತ್ತದೆ. ಬಳಸಿದ ಸರಕಿಗೆ ಆಮದು ಅನುಮತಿಯ ಪ್ರಶ್ನೆಯೂ ಏಳುವುದರಿಂದ ಹಣ ಕಟ್ಟುವ ಮುಂಚೆ ಕಸ್ಟಮ್ಸ್ ಏಜೆಂಟರ ಹತ್ತಿರ ಬರಹದಲ್ಲಿ ಉತ್ತರ ಪಡೆಯಿರಿ. ಮಾಲು ಬಂದು ಗೋದಾಮಿನಲ್ಲಿ ಕೂತ ಮೇಲೆ ಕೇಳಿದರೆ ದಿನದ ಬಾಡಿಗೆ ಓಡುತ್ತಿರುತ್ತದೆ.

ಫೋಟೋ ಜೊತೆಗಿನ ವಿವರದಲ್ಲಿ ಕೆಲವು ಫ್ರೆಂಚ್ ಮಾತು ಗುರುತಿಟ್ಟುಕೊಳ್ಳಿ. 'ಎಪೋಕ್ ಆರ್ಟ್ ಡೆಕೋ' ಎಂದರೆ ಆ ಕಾಲದ್ದೇ. 'ಸ್ತೀಲ್ ಆರ್ಟ್ ಡೆಕೋ' ಎಂದರೆ ಆ ಶೈಲಿಯದು, ಆಮೇಲೆ ಮಾಡಿದ್ದು. ಒಂದು ಪದಕ್ಕೆ ಬೆಲೆ ಇಷ್ಟು ಬದಲಾಗುವ ವ್ಯಾಪಾರ ಕಡಿಮೆ. 'ಎಗ್ರನ್ಯೂರ್' ಅಂಚಿನ ಸಣ್ಣ ಚಕ್ಕೆ, 'ಎಕ್ಲಾ' ದೊಡ್ಡ ಚಕ್ಕೆ, 'ಫೆಲ್' ಬಿರುಕು. ಮಾಮೂಲಿ ಒತ್ತುಗಾಜನ್ನು 'ಪಾತ್ ದ ವೆರ್' ಎಂದು ಬರೆಯುವ ಚಾಳಿಯೂ ಇದೆ. ಅದು ಗಾಜಿನ ಪುಡಿಯನ್ನು ಅಚ್ಚಿನಲ್ಲಿ ಕರಗಿಸುವ ಬೇರೆಯೇ ಕಸುಬು. ಬೋಗುಣಿಯ ತೂತು, ಪ್ರತಿ ಟ್ಯೂಲಿಪ್‌ನ ಕುತ್ತಿಗೆ, ಸಹಿ ಇವುಗಳ ಹತ್ತಿರದ ಫೋಟೋ ಹಗಲು ಬೆಳಕಿನಲ್ಲಿ ಕೇಳಿ. ದೀಪ ಉರಿಸಿ ತೆಗೆದ ಫೋಟೋ ಎಲ್ಲ ದೋಷವನ್ನೂ ನುಂಗುತ್ತದೆ.

ಪ್ರಶ್ನೆ: ದೀಪ ಹಾಕಿದ್ದೇವೆ, ಆದರೆ ಫ್ಯಾನ್ ಹಾಕಿದೊಡನೆ ಸೂರೆಲ್ಲ ಮಿಣಮಿಣ. ಜೊತೆಗೆ ಬೆಳಕೂ ಸಾಲದು. — ಮುಳಬಾಗಿಲಿನ ಓದುಗರು

ಉತ್ತರ: ಬೋಗುಣಿ ಬೆಳಕನ್ನು ಸೂರಿಗೆ ಎಸೆಯುತ್ತದೆ. ನಡುವೆ ಫ್ಯಾನಿನ ರೆಕ್ಕೆ ಸುತ್ತಿದರೆ ಅದರ ನೆರಳೂ ಸೂರಿನ ಮೇಲೆ ಸುತ್ತುತ್ತದೆ. ಬಲ್ಬ್ ಬದಲಿಸಿ ಪ್ರಯೋಜನವಿಲ್ಲ. ಫ್ಯಾನನ್ನು ದೀಪದಿಂದ 6–7 ಅಡಿ ದೂರ ಸರಿಸಿ, ಆಗದಿದ್ದರೆ ಗೋಡೆಯ ಫ್ಯಾನು. ಗಾಳಿಯ ಅದುರಿಗೆ ಟ್ಯೂಲಿಪ್ ಹಿಡಿದ ಸ್ಕ್ರೂ ಸಡಿಲವಾಗುತ್ತವೆ. ಪ್ರತಿ ಸ್ಕ್ರೂ ತುದಿಗೆ ರಬ್ಬರ್ ಕೊಳವೆಯ ಸಣ್ಣ ತುಂಡು ತೊಡಿಸಿ, ಗಾಜು ತಾಗಿದ ಮೇಲೆ ಕಾಲು ಸುತ್ತು ಮಾತ್ರ ಬಿಗಿಯಿರಿ.

12×14 ಅಡಿ ಹಾಲ್‌ಗೆ ಸುಮಾರು 2400 ಲುಮೆನ್ ಬೆಳಕು ಬೇಕು, ಮಬ್ಬು ಗಾಜು ನುಂಗುವ ಪಾಲು ಸೇರಿ 3000 ಅಂದುಕೊಳ್ಳಿ. ಮೂರು ಟ್ಯೂಲಿಪ್‌ಗೆ 470 ಲುಮೆನಿನ ಸಣ್ಣ ದುಂಡು ಎಲ್‌ಇಡಿ, ಬೋಗುಣಿಗೆ 800ರ ಎರಡು ಹಾಕಿದರೆ ಲೆಕ್ಕ ಕೂಡುತ್ತದೆ. ಬಣ್ಣ 2700 ಕೆಲ್ವಿನ್. ಅಂಗಡಿಯವರು ಕೊಡುವ 6500ರ ಬಿಳಿ ಬಲ್ಬಿನಲ್ಲಿ ಈ ಗಾಜು ಆಸ್ಪತ್ರೆಯ ಟ್ಯೂಬ್‌ಲೈಟ್ ಆಗುತ್ತದೆ. ಬಲ್ಬ್ ಹಾಲುಬಣ್ಣದ್ದಿರಲಿ, ತಂತಿ ಕಾಣುವ ಬಗೆಯದು ಗಾಜಿನಲ್ಲಿ ಒಂದೇ ಕಡೆ ಉರಿಚುಕ್ಕೆಯಾಗಿ ಚುಚ್ಚುತ್ತದೆ. 9 ವ್ಯಾಟಿನ ಮಾಮೂಲಿ ಬಲ್ಬ್ ಟ್ಯೂಲಿಪ್‌ನಿಂದ ತಲೆ ಹೊರಗೆ ಹಾಕುತ್ತದೆ, ಕೊಳ್ಳುವ ಮುಂಚೆ ಉದ್ದ ಅಳೆಯಿರಿ.

ಪ್ರಶ್ನೆ: ಆರರಲ್ಲಿ ಒಂದು ಟ್ಯೂಲಿಪ್ ಒಡೆದಿದೆ. ಅಂಟಿಸಬಹುದೇ? ಇನ್ನೊಂದು ತೊಂದರೆ: ಮಳೆ ಬಂದ ರಾತ್ರಿ ಬೋಗುಣಿ ತುಂಬ ಹುಳ. — ಚಿಕ್ಕಬಳ್ಳಾಪುರದ ಓದುಗರು

ಉತ್ತರ: ಅಂಟು ಕಪಾಟಿನಲ್ಲಿ ಇಡುವ ಗಾಜಿಗೆ ಸರಿ, ತಲೆಯ ಮೇಲೆ ತೂಗುವುದಕ್ಕಲ್ಲ. ಬಿಡಿ ಟ್ಯೂಲಿಪ್ ಹುಡುಕಬಹುದು, ಒಂದೇ ಅಚ್ಚಿನಿಂದ ವರ್ಷಗಟ್ಟಲೆ ಮಾಲು ತೆಗೆದಿರುವುದರಿಂದ ಜೋಡಿ ಸಿಗುವ ಸಾಧ್ಯತೆ ಇದೆ. ವರ್ನಿಯರ್ ಕ್ಯಾಲಿಪರಿನಿಂದ ಕುತ್ತಿಗೆಯ ಹೊರ ಅಳತೆ, ಒಳ ಅಳತೆ, ಎತ್ತರ, ಬಾಯಿ ಇವನ್ನು ಮಿ.ಮೀ.ನಲ್ಲಿ ಬರೆದು, ಚಿತ್ತಾರದ ಫೋಟೋ ಜೊತೆಗೆ ಕಳಿಸಿ. ಒಡೆದ ಚೂರುಗಳನ್ನು ಎಸೆಯಬೇಡಿ, ಬಣ್ಣ ಹೋಲಿಸಲು ಬೇಕಾಗುತ್ತವೆ. ಸಿಗುವವರೆಗೆ ಎದುರುಬದುರಿನ ಎರಡು ಟ್ಯೂಲಿಪ್ ತೆಗೆದು ನಾಲ್ಕೇ ಹಾಕಿ ನಡೆಸಿ, ಹಾಗಾದರೆ ದೀಪ ವಾಲುವುದಿಲ್ಲ. ಬರಿದಾದ ಹೋಲ್ಡರಿಗೆ ಮುಚ್ಚಳ ಹಾಕಿ.

ಹುಳಕ್ಕೆ ಔಷಧ ಸಿಂಪಡಿಸಬೇಡಿ, ಎಣ್ಣೆಯ ಪದರ ಮಬ್ಬು ಗಾಜಿನಲ್ಲಿ ಕೂತರೆ ಬಿಡುವುದಿಲ್ಲ. ಮೊದಲ ಮಳೆಯ ಸಂಜೆ ರೆಕ್ಕೆ ಗೆದ್ದಲು ಏಳುವ ಹೊತ್ತಿಗೆ ಬೋಗುಣಿಯ ಸ್ವಿಚ್ಚು ಆರಿಸಿ, ಹೊರಗಿನ ಜಗಲಿ ದೀಪ ಹಾಕಿಡಿ. ಬಿದ್ದ ರೆಕ್ಕೆಗಳನ್ನು ಮರುದಿನ ಒಣಗಿರುವಾಗಲೇ ಮೆತ್ತನೆ ಬ್ರಷ್ಷಿನಿಂದ ಎತ್ತಿ; ಒದ್ದೆ ಬಟ್ಟೆ ತಾಗಿಸಿದರೆ ಗಾಜಿಗೆ ಮೆತ್ತಿಕೊಳ್ಳುತ್ತವೆ.